ಪಟ್ಟಿಯಲ್ಲಿದೆ, ಕಪಾಟಿನಲ್ಲಿಲ್ಲ

ಕನ್ನಡ ಎಂ.ಎ. ಪಠ್ಯಕ್ರಮದ ಪ್ರತಿ ಪತ್ರಿಕೆಯ ಕೊನೆಯಲ್ಲೂ ಒಂದು ಪಟ್ಟಿ ಇರುತ್ತದೆ. ‘ಪರಾಮರ್ಶನ ಗ್ರಂಥಗಳು’ ಎಂದು ಅದರ ತಲೆಬರಹ. ಹದಿನೈದೋ ಇಪ್ಪತ್ತೈದೋ ಪುಸ್ತಕಗಳ ಹೆಸರು, ಮುಂದೆ ಲೇಖಕರ ಹೆಸರು. ಎಷ್ಟೋ ಸಲ ಅದೂ ಇರುವುದಿಲ್ಲ. ಅಧ್ಯಯನ ಮಂಡಳಿ ಈ ಪಟ್ಟಿಯನ್ನು ಸಭೆಯ ಕೊನೆಯ ಹತ್ತು ನಿಮಿಷದಲ್ಲಿ ಒಪ್ಪುತ್ತದೆ. ಮೇಷ್ಟ್ರುಗಳು ಅದನ್ನು ದಾಟಿ ಪ್ರಶ್ನೆಪತ್ರಿಕೆಯ ಮಾದರಿಗೆ ಹೋಗುತ್ತಾರೆ. ಗ್ರಂಥಾಲಯಕ್ಕೆ ಅದು ತಲುಪುವುದೇ ಇಲ್ಲ. ಅದನ್ನು ನಿಜವಾಗಿ ನಂಬುವವರು ಒಬ್ಬರೇ: ಮೊದಲ ಸೆಮಿಸ್ಟರಿಗೆ ಆಗಷ್ಟೇ ಸೇರಿದ ವಿದ್ಯಾರ್ಥಿ. ಆ ನಂಬಿಕೆಯೂ ಎರಡು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ.

ನಾನು ಸ್ನಾತಕೋತ್ತರ ವಿಭಾಗವೊಂದರಲ್ಲಿ ಅತಿಥಿ ಉಪನ್ಯಾಸಕ. ಯಾವ ವಿಭಾಗ, ಯಾವ ಊರು ಎಂಬುದು ಇಲ್ಲಿ ಬೇಡ. ಓದುತ್ತಾ ಹೋದರೆ ಇದು ನಿಮ್ಮ ವಿಭಾಗವೇ ಇರಬೇಕು ಎಂದು ಹಲವರಿಗೆ ಅನ್ನಿಸೀತು. ನನ್ನ ವಾದ ಇಷ್ಟೇ. ಪಠ್ಯಕ್ರಮದ ಕೊನೆಯ ಪಟ್ಟಿ ಅಲಂಕಾರಕ್ಕೆ ಹಾಕುವಂಥದ್ದಲ್ಲ. ‘ಇವನ್ನು ಓದು, ಓದಿದ್ದರ ಮೇಲೆ ನಿನ್ನನ್ನು ಪರೀಕ್ಷಿಸುತ್ತೇವೆ’ ಎಂದು ವಿಶ್ವವಿದ್ಯಾಲಯ ಶುಲ್ಕ ಕಟ್ಟಿಸಿಕೊಂಡು ಕೊಡುವ ಮಾತು ಅದು. ಗ್ರಂಥಾಲಯದ ಮೂಲಕ ವಿದ್ಯಾರ್ಥಿಯ ಕೈಗೆ ಕೊಡಲಾಗದ ಪುಸ್ತಕವನ್ನು ಕಡ್ಡಾಯ ಓದಿನ ಪಟ್ಟಿಗೆ ಸೇರಿಸುವ ಹಕ್ಕು ಯಾವ ಅಧ್ಯಯನ ಮಂಡಳಿಗೂ ಇರಬಾರದು. ಹಾಗೆಯೇ ಪಟ್ಟಿಗೆ ಸೇರಿದ ಪುಸ್ತಕವನ್ನು ‘ನಮ್ಮಲ್ಲಿಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವ ಹಕ್ಕು ಗ್ರಂಥಾಲಯಕ್ಕೂ ಇರಬಾರದು.

ಪಠ್ಯಪಟ್ಟಿಯ ವಿಷಯಕ್ಕೆ ನಮ್ಮ ದೇಶದಲ್ಲಿ ಜಗಳವೇ ಆಗುವುದಿಲ್ಲ ಎಂದೇನೂ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ಬಿ.ಎ. ಇತಿಹಾಸ ಆನರ್ಸ್ ಓದಿನ ಪಟ್ಟಿಯಲ್ಲಿ ಎ.ಕೆ. ರಾಮಾನುಜನ್ ಅವರ ಮುನ್ನೂರು ರಾಮಾಯಣಗಳ ಕುರಿತ ಪ್ರಬಂಧವಿತ್ತು. 2008ರಲ್ಲಿ ಅದನ್ನು ವಿರೋಧಿಸಿ ಇತಿಹಾಸ ವಿಭಾಗಕ್ಕೆ ನುಗ್ಗಿ ಗಲಾಟೆ ಮಾಡಿದರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2011ರ ಅಕ್ಟೋಬರಿನಲ್ಲಿ ಅಲ್ಲಿನ ಅಕಾಡೆಮಿಕ್ ಕೌನ್ಸಿಲ್ ಪ್ರಬಂಧವನ್ನು ಪಟ್ಟಿಯಿಂದ ಕೈಬಿಟ್ಟಿತು. ಮೈಸೂರಿನಲ್ಲಿ ಹುಟ್ಟಿ, ಕನ್ನಡದಲ್ಲೂ ಕವಿತೆ ಬರೆದ ರಾಮಾನುಜನ್ ನಮ್ಮವರು. ಹಾಗಾಗಿ ನಮಗೂ ನೋವಾಯಿತು. ಅಧ್ಯಾಪಕರು, ವಿದ್ಯಾರ್ಥಿಗಳು ಬೀದಿಗಿಳಿದರು. ಇಳಿಯಬೇಕಾದದ್ದೇ.

ಆದರೆ ಯೋಚಿಸಿ. ಪಟ್ಟಿಯಿಂದ ಒಂದು ಪ್ರಬಂಧವನ್ನು ತೆಗೆದರೆ ಅದಕ್ಕೊಂದು ಸಭೆ ಬೇಕು, ನಡಾವಳಿ ಬೇಕು, ಅದರ ಮೇಲೆ ಸಹಿ ಬೇಕು. ಯಾರು ತೆಗೆದರು ಎಂದು ಬೊಟ್ಟು ಮಾಡಿ ತೋರಿಸಬಹುದು. ಪಟ್ಟಿಯಲ್ಲೇ ಇದ್ದುಕೊಂಡು ಕಪಾಟಿನಲ್ಲಿ ಇಲ್ಲದ ಪುಸ್ತಕಕ್ಕೆ ಯಾರನ್ನು ಕೇಳುತ್ತೀರಿ? ಅದನ್ನು ಯಾರೂ ನಿಷೇಧಿಸಿಲ್ಲ. ಅದರ ಹೆಸರು ಪ್ರತಿ ವರ್ಷ ಮುದ್ರಣವಾಗುತ್ತಲೇ ಇದೆ. ಓದು ಮಾತ್ರ ನಡೆಯುತ್ತಿಲ್ಲ. ಪುಸ್ತಕವೊಂದನ್ನು ವಿದ್ಯಾರ್ಥಿಯಿಂದ ದೂರವಿಡಲು ಇದಕ್ಕಿಂತ ಸದ್ದಿಲ್ಲದ ವಿಧಾನ ಇನ್ನೊಂದಿಲ್ಲ.

ಈಗ ಪಟ್ಟಿಯನ್ನೇ ಕೈಗೆತ್ತಿಕೊಳ್ಳೋಣ. ಇದರ ಮೊದಲ ರೋಗ ನಕಲು. ಹಿಂದಿನ ಪಠ್ಯಕ್ರಮದ ಪಟ್ಟಿ ಹೊಸದಕ್ಕೆ ಹಾಗೇ ಬರುತ್ತದೆ, ಕೊನೆಯಲ್ಲಿ ಮೂರು ಹೊಸ ಹೆಸರು ಸೇರುತ್ತವೆ. ಆ ಮೂರರಲ್ಲಿ ಒಂದಾದರೂ ಮಂಡಳಿಯ ಸದಸ್ಯರೊಬ್ಬರದ್ದೇ ಆಗಿರುತ್ತದೆ ಎಂಬುದನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ಎರಡನೆಯದು ಉದ್ದ. ಪಟ್ಟಿ ಉದ್ದವಾದಷ್ಟೂ ಪಠ್ಯಕ್ರಮ ಘನವಾಗುತ್ತದೆ ಎಂಬ ಭ್ರಮೆ ನಮ್ಮಲ್ಲಿದೆ. ಇಪ್ಪತ್ತೈದು ಪುಸ್ತಕಗಳಲ್ಲಿ ಮೊದಲು ಓದಬೇಕಾದದ್ದು ಯಾವುದು, ಒಂದೇ ಅಧ್ಯಾಯ ನೋಡಿದರೆ ಸಾಕಾದದ್ದು ಯಾವುದು ಎಂದು ಯಾರೂ ಹೇಳುವುದಿಲ್ಲ. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳೂ ನೂರೈವತ್ತು ಪುಟದ ಒಂದು ಪರಿಚಯ ಪುಸ್ತಕವೂ ಅಕ್ಕಪಕ್ಕದಲ್ಲಿ ಒಂದೇ ತೂಕದಲ್ಲಿ ಕುಳಿತಿರುತ್ತವೆ.

ಮೂರನೆಯ ರೋಗ ಹೆಸರಿನದ್ದು. ಇದು ಚಿಕ್ಕದೆಂದು ಕಾಣುತ್ತದೆ, ಆದರೆ ವಿದ್ಯಾರ್ಥಿಯ ಮಧ್ಯಾಹ್ನಗಳನ್ನು ತಿನ್ನುವುದು ಇದೇ. ಪಟ್ಟಿಯಲ್ಲಿ ‘ಪಂಪಭಾರತ’ ಎಂದು ಬರೆದಿರುತ್ತದೆ. ಗ್ರಂಥಾಲಯದ ಸೂಚಿಯಲ್ಲಿ ಅದು ‘ವಿಕ್ರಮಾರ್ಜುನ ವಿಜಯ’. ಪಟ್ಟಿಯಲ್ಲಿ ‘ಗದಾಯುದ್ಧ’, ಸೂಚಿಯಲ್ಲಿ ‘ಸಾಹಸಭೀಮ ವಿಜಯ’. ಒಂದು ಕಡೆ ‘ಕುಮಾರವ್ಯಾಸ ಭಾರತ’, ಇನ್ನೊಂದು ಕಡೆ ‘ಗದುಗಿನ ಭಾರತ’, ಮತ್ತೊಂದು ಕಡೆ ‘ಕರ್ಣಾಟ ಭಾರತ ಕಥಾಮಂಜರಿ’. ಎಂ.ಎ. ಮುಗಿಸಿದವರಿಗೆ ಇವೆಲ್ಲ ಒಂದೇ ಎಂದು ಗೊತ್ತು. ಆಗಷ್ಟೇ ಸೇರಿದವನಿಗೆ, ಅದರಲ್ಲೂ ಬಿ.ಕಾಂ. ಮಾಡಿ ಆಸೆಯಿಂದ ಕನ್ನಡಕ್ಕೆ ಬಂದವನಿಗೆ ಹೇಗೆ ಗೊತ್ತಾಗಬೇಕು? ಯಾರ ಸಂಪಾದನೆ, ಯಾವ ಪ್ರಕಾಶನ, ಯಾವ ವರ್ಷದ ಮುದ್ರಣ, ಮೂಲವೋ ಗದ್ಯಾನುವಾದವೋ ಎಂಬುದಂತೂ ಪಟ್ಟಿಯಲ್ಲಿ ಇರುವುದೇ ಇಲ್ಲ.

ಇನ್ನು ಗಣಕೀಕೃತ ಸೂಚಿ. ಬಹಳ ಕಡೆ ಕನ್ನಡ ಪುಸ್ತಕಗಳ ವಿವರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿಟ್ಟಿದ್ದಾರೆ, ಅದಕ್ಕೊಂದು ನಿಯಮವಿಲ್ಲ. ಟೈಪು ಮಾಡಿದವರ ಕಿವಿಗೆ ಕೇಳಿಸಿದ್ದೇ ಕಾಗುಣಿತ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಹುಡುಕಬೇಕಾದರೆ ಟಿ.ಎನ್. ಎಂದೂ ತೀನಂಶ್ರೀ ಎಂದೂ ಶ್ರೀಕಂಠಯ್ಯ ಎಂದೂ, ಅದರಲ್ಲೂ ‘ಎಚ್’ ಹಾಕಿಯೂ ಬಿಟ್ಟೂ ನೋಡಬೇಕು. ಬೇಂದ್ರೆಯವರು ಸಿಗದಿದ್ದರೆ ಅಂಬಿಕಾತನಯದತ್ತರನ್ನು ಕೇಳಬೇಕು. ಕುವೆಂಪು ಸಿಗದಿದ್ದರೆ ಪುಟ್ಟಪ್ಪ ಕೆ.ವಿ. ಎಂದು ಹೊಡೆದು ನೋಡಬೇಕು. ಯೂನಿಕೋಡ್ ಬರುವ ಮೊದಲು ಹಳೆಯ ಫಾಂಟುಗಳಲ್ಲಿ ತುಂಬಿದ ವಿವರಗಳು ಈಗ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಪುಸ್ತಕ ಕಪಾಟಿನಲ್ಲೇ ಇರುತ್ತದೆ, ‘ಇಲ್ಲ’ ಎಂಬ ಉತ್ತರ ಬರುತ್ತದೆ. ಪಟ್ಟಿಯ ಪ್ರತಿ ಹೆಸರಿನ ಮುಂದೆ ಗ್ರಂಥಾಲಯದ ವರ್ಗಸಂಖ್ಯೆಯೊಂದನ್ನು ಬರೆದಿದ್ದರೆ ಈ ಅಲೆದಾಟ ಅಷ್ಟೂ ಇರುತ್ತಿರಲಿಲ್ಲ. ಅದನ್ನು ಬರೆಯಲು ಬೇಕಾದದ್ದು ಗ್ರಂಥಪಾಲಕರೊಂದಿಗೆ ಕೂತು ಕಳೆಯುವ ಒಂದು ಮಧ್ಯಾಹ್ನ.

ಪುಸ್ತಕ ಇದೆ, ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಎಷ್ಟು ಪ್ರತಿ? ಹೆಚ್ಚಿನ ಕಡೆ ಒಂದು, ಅದೃಷ್ಟವಿದ್ದರೆ ಎರಡು. ಒಂದು ಲೆಕ್ಕ ಹಾಕಿ. ತರಗತಿಯಲ್ಲಿ 40 ಜನ. ಪಾಠ ನಡೆಯುವುದು 16 ವಾರ. ಒಬ್ಬರಿಗೆ 14 ದಿನ ಎರವಲು. ಒಂದು ಪ್ರತಿ ಒಂದು ದಿನವೂ ಸುಮ್ಮನೆ ಕೂರದೆ ಕೈಯಿಂದ ಕೈಗೆ ಹೋದರೂ ಇಡೀ ಸೆಮಿಸ್ಟರಿನಲ್ಲಿ ಓದುವವರು 8 ಜನ. ಉಳಿದ 32 ಜನ ಪರೀಕ್ಷೆಯಲ್ಲಿ ಏನು ಬರೆಯಬೇಕು? ಎಂಟನೆಯವನಿಗೆ ಪುಸ್ತಕ ಸಿಗುವುದು ಹದಿನೈದನೆಯ ವಾರದಲ್ಲಿ, ಅಷ್ಟರಲ್ಲಿ ಆ ಪಾಠ ಮುಗಿದು ಮೂರು ತಿಂಗಳಾಗಿರುತ್ತದೆ. ಇದೂ ಆ ಪ್ರತಿ ಗ್ರಂಥಾಲಯದಲ್ಲೇ ಇದ್ದರೆ ಮಾತ್ರ. ವಿದ್ಯಾರ್ಥಿಗೆ ಎರಡು ವಾರ ಮೀರಿದರೆ ದಂಡ ಬೀಳುತ್ತದೆ. ಅಧ್ಯಾಪಕರ ಕಾರ್ಡಿಗೆ ಆ ಗಡುವಿಲ್ಲ. ಪಟ್ಟಿಯ ಮುಖ್ಯ ಪುಸ್ತಕಗಳು ಪಟ್ಟಿ ಮಾಡಿದವರ ಮನೆಯ ಷೋಕೇಸಿನಲ್ಲೇ ವರ್ಷಗಟ್ಟಲೆ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಕೇಳಿದರೆ, ‘ನನ್ನ ಹತ್ರ ಇದೆ ಕಣಪ್ಪಾ, ಬೇಕಾದಾಗ ಬಂದು ನೋಡ್ಕೋ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಮೇಷ್ಟ್ರ ಮನೆಯ ಬಾಗಿಲು ತಟ್ಟುವ ಧೈರ್ಯ ಯಾರಿಗಿದೆ, ಯಾರಿಗಿಲ್ಲ, ಯಾವ ಜಾತಿಯ ಹುಡುಗ ಒಳಗೆ ಬಂದು ಕೂರುತ್ತಾನೆ, ಯಾವ ಹುಡುಗಿಗೆ ಹಾಗೆ ಹೋಗಲು ಆಗುವುದಿಲ್ಲ ಎಂಬುದನ್ನು ಅವರು ಯೋಚಿಸಿರುವುದಿಲ್ಲ. ಗ್ರಂಥಾಲಯ ಇರುವುದೇ ಓದಿಗೆ ಯಾರ ಹಂಗೂ ಬೇಡವಾಗಲಿ ಎಂದು.

ಅದೇ ಒಂದು ಪ್ರತಿಯನ್ನು ಬೇರೆ ರೀತಿ ನಡೆಸಿ ನೋಡಿ. ಮನೆಗೆ ಕೊಡಬೇಡಿ, ಓದುವ ಕೋಣೆಯಲ್ಲೇ ಮೂರು ಗಂಟೆಗೆ ಕೊಡಿ. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ದಿನಕ್ಕೆ ಮೂರು ಸರದಿ, ವಾರಕ್ಕೆ 18. ಮೂರನೆಯ ವಾರದೊಳಗೆ 40 ಜನಕ್ಕೂ ಒಂದೊಂದು ಸರದಿ ಸಿಕ್ಕಿರುತ್ತದೆ. ನಾಲ್ಕೂವರೆಯ ಬಸ್ಸು ಹಿಡಿದು ಊರಿಗೆ ಹೋಗುವವರಿಗೆ ಎರಡನೆಯ ಪ್ರತಿಯೊಂದನ್ನು ‘ರಾತ್ರಿ ಎರವಲು’ ಎಂದು ಇಡಿ: ಸಂಜೆ ಒಯ್ಯುವುದು, ಮರುದಿನ ಬೆಳಿಗ್ಗೆ ಹತ್ತಕ್ಕೆ ತಂದು ಒಪ್ಪಿಸುವುದು. ಇದರಲ್ಲಿ ಹೊಸ ಕಟ್ಟಡವಿಲ್ಲ, ಹೊಸ ಹುದ್ದೆಯಿಲ್ಲ. ಯಾವ ಪುಸ್ತಕಕ್ಕೆ ಹೀಗೆ ಮಾಡಬೇಕು ಎಂದು ಗ್ರಂಥಾಲಯಕ್ಕೆ ತಿಳಿದಿರಬೇಕು, ಅಷ್ಟೇ. ತಿಳಿಸಬೇಕಾದ ಪಟ್ಟಿ ನಮ್ಮ ಬಳಿ ಇದೆ, ತಿಳಿಸುವುದಿಲ್ಲ.

‘ನಮ್ಮ ವಿಭಾಗದ ಹೊಸ ಸಿಲಬಸ್ ನಿಮಗೆ ಬಂದಿದೆಯಾ ಸಾರ್?’ ಎಂದು ಒಮ್ಮೆ ಗ್ರಂಥಪಾಲಕರೊಬ್ಬರನ್ನು ಕೇಳಿದೆ. ‘ಯಾವ ಸಿಲಬಸ್ಸು ಮೇಷ್ಟ್ರೇ? ನಮಗೆ ಬರೋದು ಒಂದೇ ಪತ್ರ. ಗ್ರ್ಯಾಂಟು ಮಾರ್ಚ್ ಒಳಗೆ ಮುಗಿಸಿ ಅಂತ. ಅದೂ ಫೆಬ್ರವರಿಯಲ್ಲಿ ಬರುತ್ತೆ’ ಎಂದರು. ಈ ಒಂದು ಮಾತಿನಲ್ಲಿ ನಮ್ಮ ಪುಸ್ತಕ ಖರೀದಿಯ ಇಡೀ ಚರಿತ್ರೆ ಇದೆ. ಜುಲೈಯಲ್ಲಿ ಬೇಕಾದ ಪುಸ್ತಕವನ್ನು ಮಾರ್ಚಿನಲ್ಲಿ, ಅದೂ ಪೂರೈಕೆದಾರ ತಂದು ಸುರಿದ ಪಟ್ಟಿಯಿಂದ, ಹೆಚ್ಚು ರಿಯಾಯಿತಿ ಕೊಟ್ಟವನಿಂದ ಕೊಳ್ಳುತ್ತೇವೆ. ಹೆಚ್ಚು ರಿಯಾಯಿತಿ ಸಿಗುವುದು ಗೋದಾಮಿನಲ್ಲಿ ಮಾರಾಟವಾಗದೆ ಉಳಿದ ಪುಸ್ತಕಗಳಿಗೆ. ಅವು ಬರುತ್ತವೆ, ಮುದ್ರೆ ಬೀಳುತ್ತದೆ, ದಾಖಲಾತಿ ಪುಸ್ತಕದಲ್ಲಿ ಸಂಖ್ಯೆ ಏರುತ್ತದೆ. ನ್ಯಾಕ್ ತಂಡ ಬಂದಾಗ ಕೇಳುವುದು ಗ್ರಂಥಾಲಯ ಗಣಕೀಕೃತವೇ, ವರ್ಷಕ್ಕೆ ಎಷ್ಟು ಖರ್ಚು, ದಿನಕ್ಕೆ ಎಷ್ಟು ಜನ ಬರುತ್ತಾರೆ ಎಂಬುದನ್ನು. ‘ನಿಮ್ಮ ಪಠ್ಯಪಟ್ಟಿಯ ಪುಸ್ತಕಗಳಲ್ಲಿ ಎಷ್ಟು ಇಲ್ಲಿವೆ, ಎಷ್ಟು ಪ್ರತಿ?’ ಎಂಬ ಪ್ರಶ್ನೆಯನ್ನು ಯಾರೂ ಕೇಳಿದ್ದು ನಾನು ನೋಡಿಲ್ಲ. ಕೇಳದ ಪ್ರಶ್ನೆಗೆ ಯಾವ ಕುಲಪತಿಯೂ ಉತ್ತರ ಸಿದ್ಧಮಾಡಿಕೊಳ್ಳುವುದಿಲ್ಲ.

ಪದವಿ ತರಗತಿಗಳಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎಂದು ಪಠ್ಯಕ್ರಮವನ್ನೆಲ್ಲ ಬದಲಾಯಿಸಿದರು. 2024-25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದರು. ನೀತಿ ಯಾವುದು ಒಳ್ಳೆಯದು ಎಂಬ ಚರ್ಚೆ ಇಲ್ಲಿ ಬೇಡ. ಮೂರೇ ವರ್ಷದ ಅಂತರದಲ್ಲಿ ಎರಡು ಸಲ ಪಟ್ಟಿ ಬದಲಾದರೆ, ಮಾರ್ಚಿನಿಂದ ಮಾರ್ಚಿಗೆ ಕೊಳ್ಳುವ ಗ್ರಂಥಾಲಯ ಅದನ್ನು ಹಿಂಬಾಲಿಸುವುದು ಹೇಗೆ? ಮೊದಲ ಪಟ್ಟಿಯ ಪುಸ್ತಕ ಬರುವ ಹೊತ್ತಿಗೆ ಎರಡನೆಯ ಪಟ್ಟಿ ಬಂದಿರುತ್ತದೆ.

ಗ್ರಂಥಪಾಲಕರ ಮೇಲೆ ನನಗೆ ಸಿಟ್ಟಿಲ್ಲ ಎನ್ನಲಾರೆ. ಬೀಗ ಹಾಕಿದ ಗಾಜಿನ ಬೀರು, ‘ರೆಫರೆನ್ಸ್ ಮಾತ್ರ’ ಎಂಬ ಕೆಂಪು ಚೀಟಿ, ಐದಕ್ಕೇ ಆರುವ ದೀಪ ಇವನ್ನೆಲ್ಲ ನಾನೂ ಅನುಭವಿಸಿದ್ದೇನೆ. ಆದರೆ ಅವರ ಭಯವನ್ನೂ ನೋಡಬೇಕು. ಪುಸ್ತಕ ಕಳೆದರೆ ತಮ್ಮ ಸಂಬಳದಿಂದ ಹಿಡಿಯುತ್ತಾರೆ, ನಿವೃತ್ತಿಯ ವೇಳೆ ಬಾಕಿ ತೋರಿಸುತ್ತಾರೆ ಎಂಬ ಭಯದಲ್ಲಿ ಬದುಕುವವರು ಕಪಾಟಿಗೆ ಬೀಗ ಹಾಕದೆ ಏನು ಮಾಡಿಯಾರು? ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ನಮಗಿಂತ ಉದಾರವಾಗಿವೆ. ಒಂದು ವರ್ಷದಲ್ಲಿ ಸಾವಿರ ಸಂಪುಟ ಬಳಕೆಯಾದರೆ ಐದು ಕಳೆದುಹೋಗುವುದನ್ನು, ಅಪ್ರಾಮಾಣಿಕತೆಯೋ ಬೇಜವಾಬ್ದಾರಿಯೋ ಇಲ್ಲದಿದ್ದಲ್ಲಿ, ಅವು ಸಹಜ ನಷ್ಟವೆಂದೇ ಒಪ್ಪುತ್ತವೆ. ಓದಿದರೆ ಪುಸ್ತಕ ಸವೆಯುತ್ತದೆ, ಕೆಲವು ಕಳೆಯುತ್ತವೆ. ನಮ್ಮ ವಿಶ್ವವಿದ್ಯಾಲಯಗಳೂ ಇದನ್ನು ಬರಹದಲ್ಲಿ ಒಪ್ಪಿ ಗ್ರಂಥಪಾಲಕರ ಹೆಗಲಿನ ಭಾರ ಇಳಿಸಲಿ. ಆಮೇಲೆ ಬೀಗ ತೆಗೆಯಿರಿ ಎಂದು ಅವರಿಗೆ ಹೇಳುವ ಹಕ್ಕು ನಮಗೆ ಬರುತ್ತದೆ.

ಎಸ್.ಆರ್. ರಂಗನಾಥನ್ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದ್ದು 1931ರಲ್ಲಿ. ಮೊದಲನೆಯದು ಪುಸ್ತಕದ ಬಳಕೆಯ ಬಗ್ಗೆ, ನಾಲ್ಕನೆಯದು ಓದುಗರ ಸಮಯ ಉಳಿಸುವುದರ ಬಗ್ಗೆ. ಅವರು 1962ರಲ್ಲಿ ತಮ್ಮ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದು ಬೆಂಗಳೂರಿನಲ್ಲಿ, ತೀರಿಕೊಂಡದ್ದೂ ಅಲ್ಲೇ. ಆ ಸೂತ್ರಗಳನ್ನು ನಮ್ಮ ಗ್ರಂಥಾಲಯ ವಿಜ್ಞಾನ ವಿಭಾಗಗಳು ಪ್ರತಿ ವರ್ಷ ಪರೀಕ್ಷೆಯಲ್ಲಿ ಕೇಳುತ್ತವೆ. ಅದೇ ಆವರಣದ ಗ್ರಂಥಾಲಯದಲ್ಲಿ ಒಂದು ಪುಸ್ತಕಕ್ಕಾಗಿ ಮೂರು ದಿನ ಅಲೆಯುವ ವಿದ್ಯಾರ್ಥಿಯ ಸಮಯದ ಲೆಕ್ಕ ಮಾತ್ರ ಯಾರ ಬಳಿಯೂ ಇಲ್ಲ.

ಇಷ್ಟೆಲ್ಲ ಹೇಳಿದಾಗ ಬರುವ ಉತ್ತರಗಳು ನನಗೆ ಬಾಯಿಪಾಠವಾಗಿವೆ. ಮೊದಲನೆಯದು: ‘ಈಗಿನವರು ಎಲ್ಲಿ ಓದ್ತಾರೆ? ಅವರಿಗೆ ಗೈಡು ಸಾಕು.’ ಇದನ್ನು ಹೇಳುವವರು ಕಾರಣವನ್ನೂ ಪರಿಣಾಮವನ್ನೂ ತಲೆಕೆಳಗು ಮಾಡಿದ್ದಾರೆ. ಮೊದಲ ತಿಂಗಳಲ್ಲಿ ಪಟ್ಟಿ ಹಿಡಿದು ಗ್ರಂಥಾಲಯದ ಕೌಂಟರಿನಲ್ಲಿ ನಿಂತವರು ಇದೇ ವಿದ್ಯಾರ್ಥಿಗಳು. ಎರಡು ಸಲ, ಮೂರು ಸಲ ‘ಇಲ್ಲ’ ಕೇಳಿಸಿಕೊಂಡ ಮೇಲೆ ಕಾಲೇಜಿನ ಗೇಟಿನೆದುರಿನ ಜೆರಾಕ್ಸ್ ಅಂಗಡಿಗೆ ಹೋದರು. ಅಲ್ಲಿ ‘ಇಲ್ಲ’ ಎಂಬ ಮಾತೇ ಇಲ್ಲ. ಹಿಂದಿನ ಬ್ಯಾಚಿನ ನೋಟ್ಸು, ಐದು ವರ್ಷದ ಪ್ರಶ್ನೆಪತ್ರಿಕೆ, ಉತ್ತರಗಳ ಸಮೇತ ಸ್ಪೈರಲ್ ಬೈಂಡಿಂಗ್ ಮಾಡಿ ಕೊಡುತ್ತಾರೆ. ವಿಶ್ವವಿದ್ಯಾಲಯದ ನಿಜವಾದ ಪಠ್ಯಪಟ್ಟಿ ನಿರ್ವಹಣೆ ನಡೆಯುತ್ತಿರುವುದು ಆ ಅಂಗಡಿಯಲ್ಲಿ. ಅಂಗಡಿಯವನಿಗೆ ಯಾವ ಪತ್ರಿಕೆಗೆ ಎಷ್ಟು ಪ್ರತಿ ಬೇಕು, ಯಾವ ವಾರದಲ್ಲಿ ಬೇಕು ಎಂಬುದು ಕುಲಸಚಿವರಿಗಿಂತ ಚೆನ್ನಾಗಿ ಗೊತ್ತು. ಇದರ ಫಲ ನಾವು ತಿದ್ದುವ ಉತ್ತರಪತ್ರಿಕೆಗಳಲ್ಲಿದೆ. ಕಾವ್ಯಮೀಮಾಂಸೆಯ ಪ್ರಶ್ನೆಗೆ ನಲವತ್ತು ಉತ್ತರಗಳು, ನಲವತ್ತರಲ್ಲೂ ಒಂದೇ ಉದಾಹರಣೆ, ಒಂದೇ ಅಚ್ಚಿನ ತಪ್ಪು. ಕಿರುಪ್ರಬಂಧಗಳ ಅಡಿಟಿಪ್ಪಣಿಯಲ್ಲಿ ಬರೆದವರು ಕಣ್ಣಲ್ಲೂ ನೋಡದ ಪುಸ್ತಕಗಳ ಹೆಸರು. ಅವರನ್ನು ಮೋಸಗಾರರೆನ್ನುವ ಮೊದಲು, ಓದಲಾಗದ ಪುಸ್ತಕವನ್ನು ಓದು ಎಂದವರನ್ನು ಏನೆಂದು ಕರೆಯಬೇಕು ಹೇಳಿ.

ಎರಡನೆಯ ಉತ್ತರ: ‘ಎಲ್ಲ ಪಿಡಿಎಫ್ ಇದೆಯಲ್ಲ.’ ಎಲ್ಲ ಇಲ್ಲ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಸಂಶೋಧನ ಪತ್ರಿಕೆಗಳು ಅದರಲ್ಲಿವೆ. ವಿಜ್ಞಾನದವರಿಗೆ ಒಳ್ಳೆಯದಾಯಿತು. ಕನ್ನಡ ಎಂ.ಎ. ವಿದ್ಯಾರ್ಥಿಯ ಪಟ್ಟಿಯಲ್ಲಿರುವ ಕುರ್ತಕೋಟಿಯವರ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ವಾಗಲಿ, ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವಾಗಲಿ ಆ ಚಂದಾದಲ್ಲಿ ಬರುವುದಿಲ್ಲ. ಅಂತರ್ಜಾಲದಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನುಗಳು ಸಾಕಷ್ಟಿವೆ, ನಿಜ. ಹಲವರು ಸ್ವಂತ ಆಸಕ್ತಿಯಿಂದ ಆ ಕೆಲಸ ಮಾಡುತ್ತಿದ್ದಾರೆ. ಆದರೆ ಯಾವುದು ಎಲ್ಲಿದೆ, ಯಾವುದು ಪೂರ್ತಿಯಿದೆ, ಯಾವುದರ ಹಕ್ಕುಸ್ವಾಮ್ಯ ಮುಗಿದಿದೆ ಎಂದು ನೋಡಿ ಪಟ್ಟಿಗೆ ಜೋಡಿಸುವವರು ಬೇಕಲ್ಲ? ನಮ್ಮಲ್ಲಿ ಲೇಖಕರು ತೀರಿದ ವರ್ಷದ ನಂತರ 60 ವರ್ಷ ಹಕ್ಕುಸ್ವಾಮ್ಯವಿರುತ್ತದೆ. 1936ರಲ್ಲಿ ತೀರಿಕೊಂಡ ನರಸಿಂಹಾಚಾರ್ಯರ ‘ಕವಿಚರಿತೆ’ ಎಂದೋ ಸಾರ್ವಜನಿಕವಾಗಿದೆ. ತೀ.ನಂ.ಶ್ರೀ. ತೀರಿದ್ದು 1966ರಲ್ಲಿ, ಅವರ ಕೃತಿಗಳ ಅವಧಿ 2026ರ ಕೊನೆಗೆ ಮುಗಿಯುತ್ತದೆ. ಕುವೆಂಪು ತೀರಿದ್ದು 1994ರಲ್ಲಿ. ಅವರ ಕೃತಿಗಳಿಗೆ 2054ರವರೆಗೆ ಕಾಯಬೇಕು. ಈ ಲೆಕ್ಕವನ್ನು ಪ್ರತಿ ವಿದ್ಯಾರ್ಥಿಯೂ ತಾನೇ ಹಾಕಬೇಕೇ? ಗ್ರಂಥಾಲಯ ಒಮ್ಮೆ ಹಾಕಿ ಪಟ್ಟಿಯಲ್ಲಿ ಕೊಂಡಿ ಕೊಟ್ಟರೆ ಮುಗಿಯಿತು.

ಹಕ್ಕುಸ್ವಾಮ್ಯದ ಹೆಸರಿನಲ್ಲಿ ಹೆದರಿಸುವವರಿಗೂ ಒಂದು ಉತ್ತರವಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೋಕಾಪಿ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ದಾವೆ ಹೂಡಿದವು. ಅಧ್ಯಾಪಕರು ಗೊತ್ತುಮಾಡಿದ ಓದಿನ ಪಟ್ಟಿ, ಗ್ರಂಥಾಲಯದ ಪುಸ್ತಕ, ಅದರಿಂದ ಬೇಕಾದ ಅಧ್ಯಾಯಗಳನ್ನು ತೆಗೆದು ಹೊಲಿದ ಕಟ್ಟು ಇವೇ ಅಲ್ಲಿನ ವಿವಾದ. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟ್ ಪ್ರಕಾಶಕರ ವಾದವನ್ನು ತಳ್ಳಿಹಾಕಿತು. ಅದೇ ಡಿಸೆಂಬರಿನಲ್ಲಿ ವಿಭಾಗೀಯ ಪೀಠ ಕೆಲವು ಅಂಶಗಳನ್ನು ಮರುವಿಚಾರಣೆಗೆ ಬಿಟ್ಟಿತಾದರೂ, ಪಾಠಕ್ಕೆ ಬೇಕಾದಷ್ಟನ್ನು ಪ್ರತಿ ಮಾಡಿಕೊಳ್ಳಲು ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ ಎಂಬ ಮೂಲ ಮಾತನ್ನು ಎತ್ತಿಹಿಡಿಯಿತು. 2017ರಲ್ಲಿ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು. ಅಲ್ಲಿ ಪಟ್ಟಿ, ಗ್ರಂಥಾಲಯ, ಜೆರಾಕ್ಸ್ ಮೂರೂ ಒಂದು ಸರಪಳಿಯಾಗಿದ್ದವು ಎಂಬುದನ್ನು ಗಮನಿಸಿ. ನಮ್ಮಲ್ಲಿ ಜೆರಾಕ್ಸ್ ಒಂದೇ ಉಳಿದಿದೆ, ಅಲ್ಲಿ ಸಿಗುವುದು ಮೂಲದ ಅಧ್ಯಾಯವಲ್ಲ, ಅದರ ಗೈಡು. ಒಂದು ಎಚ್ಚರಿಕೆ ಮಾತ್ರ ಬೇಕು. ಆಕ್ಸ್‌ಫರ್ಡಿಗೆ ತಾಳಿಕೊಳ್ಳುವ ಶಕ್ತಿಯಿದೆ. ಸಾವಿರ ಪ್ರತಿ ಅಚ್ಚುಹಾಕಿ ಕಾಯುವ ನಮ್ಮ ಸಣ್ಣ ಪ್ರಕಾಶಕರಿಗಿಲ್ಲ. ಮಾರುಕಟ್ಟೆಯಲ್ಲಿರುವ ಕನ್ನಡ ಪುಸ್ತಕವನ್ನು ಕೊಂಡೇ ಇಡಬೇಕು.

ಅಲ್ಲಿಗೆ ಮೂರನೆಯ ಉತ್ತರ ಬರುತ್ತದೆ: ‘ದುಡ್ಡೆಲ್ಲಿದೆ?’ ಒಂದು ಪತ್ರಿಕೆಗೆ ಆರು ಕಡ್ಡಾಯ ಪುಸ್ತಕ, ತಲಾ ಐದು ಪ್ರತಿ, ಸರಾಸರಿ 300 ರೂಪಾಯಿ ಎಂದಿಟ್ಟುಕೊಂಡರೆ 9,000 ರೂಪಾಯಿ. ಸೆಮಿಸ್ಟರಿಗೆ ಐದು ಪತ್ರಿಕೆಯಾದರೆ 45,000. ಒಮ್ಮೆ ಕೊಂಡರೆ ಹಲವು ವರ್ಷ ಬಾಳುತ್ತವೆ. ಎರಡು ದಿನದ ವಿಚಾರ ಸಂಕಿರಣಕ್ಕೆ ಹಾರ, ಶಾಲು, ಊಟ, ಫ್ಲೆಕ್ಸ್ ಎಂದು ನಾವು ಖರ್ಚು ಮಾಡುವುದು ಇದಕ್ಕಿಂತ ಕಡಿಮೆಯೇ? ಇನ್ನು ಮುದ್ರಣದಲ್ಲೇ ಇಲ್ಲದ ಪುಸ್ತಕಗಳು. ಅವುಗಳಲ್ಲಿ ಹಲವನ್ನು ಪ್ರಕಟಿಸಿದವರು ನಮ್ಮ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳೇ. ಅಚ್ಚುಹಾಕಿದ್ದು ಇವರೇ, ಮರುಮುದ್ರಿಸದಿದ್ದವರೂ ಇವರೇ, ಪಟ್ಟಿಯಲ್ಲಿ ಹಾಕುವವರೂ ಇವರೇ, ಗ್ರಂಥಾಲಯ ನಡೆಸುವವರೂ ಇವರೇ. ಐವತ್ತು ಪ್ರತಿಯನ್ನೂ ಡಿಜಿಟಲ್ ಮುದ್ರಣದಲ್ಲಿ ತೆಗೆಯಬಹುದಾದ ಕಾಲದಲ್ಲಿ, ಒಂದೇ ಕಾಂಪೌಂಡಿನೊಳಗಿನ ಮೂರು ಕಚೇರಿಗಳು ಮಾತಾಡಿಕೊಳ್ಳದ್ದಕ್ಕೆ ವಿದ್ಯಾರ್ಥಿ ಬೆಲೆ ತೆರುತ್ತಿದ್ದಾನೆ.

ಕೊನೆಯದು, ಸ್ವಲ್ಪ ಗಂಭೀರವಾದದ್ದು. ‘ಗ್ರಂಥಾಲಯದಲ್ಲಿರುವುದನ್ನೇ ಪಟ್ಟಿಗೆ ಹಾಕಬೇಕೆಂದರೆ ಪಠ್ಯಕ್ರಮವನ್ನು ಗುಮಾಸ್ತರ ಕೈಗೆ ಕೊಟ್ಟಂತಲ್ಲವೇ? ಅಪರೂಪದ ಪುಸ್ತಕದ ಹೆಸರೂ ವಿದ್ಯಾರ್ಥಿಗೆ ತಿಳಿಯಬಾರದೇ?’ ತಿಳಿಯಲಿ. ಅದಕ್ಕೇ ಪಟ್ಟಿಯನ್ನು ಮೂರಾಗಿ ಒಡೆಯಿರಿ ಎನ್ನುವುದು: ಓದಲೇಬೇಕಾದ ಐದಾರು, ಓದಿದರೆ ಒಳ್ಳೆಯದಾದ ಎಂಟು ಹತ್ತು, ಮುಂದಿನ ಹುಡುಕಾಟಕ್ಕೆ ಉಳಿದವು. ಮೂರನೆಯ ಭಾಗದಲ್ಲಿ ಜಗತ್ತಿನಲ್ಲಿ ಒಂದೇ ಪ್ರತಿ ಇರುವ ಪುಸ್ತಕವನ್ನೂ ಹಾಕಿ, ನನ್ನ ತಕರಾರಿಲ್ಲ. ಮೊದಲ ಭಾಗದ್ದು ಮಾತ್ರ ತರಗತಿ ಶುರುವಾಗುವ ದಿನ ಕಪಾಟಿನಲ್ಲಿರಬೇಕು. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ನಡೆಯುವುದು ಹೀಗೇ. ಅಧ್ಯಾಪಕರು ಟರ್ಮು ಆರಂಭವಾಗುವ ಎಷ್ಟೋ ಮೊದಲೇ ಪಟ್ಟಿಯನ್ನು ಗ್ರಂಥಾಲಯದ ತಂತ್ರಾಂಶದಲ್ಲಿ ತುಂಬುತ್ತಾರೆ. ಯಾವುದು ಕಡ್ಡಾಯ ಎಂದು ಗುರುತು ಹಾಕುತ್ತಾರೆ. ವಿದ್ಯಾರ್ಥಿಗಳ ಸಂಖ್ಯೆ ನೋಡಿ ಎಷ್ಟು ಪ್ರತಿ ಬೇಕೆಂದು ಗ್ರಂಥಾಲಯ ತೀರ್ಮಾನಿಸುತ್ತದೆ. ಅದಕ್ಕೆ ದುಬಾರಿ ತಂತ್ರಾಂಶ ಬೇಕೆಂದೂ ಇಲ್ಲ. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯಕ್ಕಾಗಿ ಹುಟ್ಟಿ, 2000ದಿಂದ ಬಳಕೆಯಲ್ಲಿರುವ ‘ಕೋಹಾ’ ಎಂಬ ಮುಕ್ತ ತಂತ್ರಾಂಶ ನಮ್ಮ ಎಷ್ಟೋ ಗ್ರಂಥಾಲಯಗಳಲ್ಲಿ ಈಗಾಗಲೇ ಇದೆ. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಕೋರ್ಸುವಾರು ಪುಸ್ತಕಗಳನ್ನು ಕಾದಿರಿಸಿ, ಅಧ್ಯಾಪಕರ ಹೆಸರು ಸೇರಿಸಿ, ಎರವಲಿನ ಅವಧಿ ಕಡಿಮೆ ಮಾಡುವ ವ್ಯವಸ್ಥೆ ಅದರೊಳಗೇ ಇದೆ. ನಾನು ಕಂಡ ಗ್ರಂಥಾಲಯಗಳಲ್ಲಿ ಅದನ್ನು ತೆರೆದೂ ನೋಡಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಅಧ್ಯಯನ ಮಂಡಳಿಯ ಸಭೆಯಲ್ಲಿ ಗ್ರಂಥಪಾಲಕರಿಗೊಂದು ಕುರ್ಚಿ ಇರಲಿ; ಕಡ್ಡಾಯ ಓದಿನ ಪ್ರತಿ ಪುಸ್ತಕದ ಮುಂದೆ ಸಂಪಾದಕರು, ಪ್ರಕಾಶಕರು, ವರ್ಷ, ವರ್ಗಸಂಖ್ಯೆ, ಪ್ರತಿಗಳ ಸಂಖ್ಯೆ ಬರೆದು ಅವರ ಸಹಿಯಾಗದೆ ಪಠ್ಯಕ್ರಮ ಮುದ್ರಣಕ್ಕೆ ಹೋಗದಿರಲಿ. ಪಟ್ಟಿಯ ಪುಸ್ತಕಗಳಿಗೆ ಖರೀದಿಯಲ್ಲಿ ಮೊದಲ ಸರದಿ ಸಿಗಲಿ, ಅದೂ ಜೂನ್ ಒಳಗೆ. ಪಟ್ಟಿಯಲ್ಲಿರುವ ಪುಸ್ತಕಕ್ಕೆ ಅಧ್ಯಾಪಕರ ಕಾರ್ಡಿಗೂ ಎರಡೇ ವಾರದ ಗಡುವು ಇರಲಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಈ ವರ್ಷ ಸೇರಿದವರು ಮೂರು ಜನ ಒಟ್ಟಾಗಿ ಒಂದು ಶನಿವಾರ ನಿಮ್ಮ ಪಠ್ಯಕ್ರಮ ಹಿಡಿದು ಗ್ರಂಥಾಲಯಕ್ಕೆ ಹೋಗಿ. ಪ್ರತಿ ಹೆಸರಿನ ಮುಂದೆ ‘ಇದೆ’, ‘ಇಲ್ಲ’, ‘ಎಷ್ಟು’, ‘ಯಾರ ಬಳಿ’ ಎಂದು ಬರೆಯಿರಿ. ಆ ಹಾಳೆಯನ್ನು ವಿಭಾಗದ ನೋಟಿಸ್ ಬೋರ್ಡಿಗೆ ಹಾಕಿ, ಒಂದು ಪ್ರತಿಯನ್ನು ಕುಲಸಚಿವರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಿದೆ, ಹತ್ತು ರೂಪಾಯಿಯ ಅರ್ಜಿ. ಕಳೆದ ಮೂರು ವರ್ಷದಲ್ಲಿ ಗ್ರಂಥಾಲಯ ಕೊಂಡ ಪುಸ್ತಕಗಳಲ್ಲಿ ಪಠ್ಯಪಟ್ಟಿಯವು ಎಷ್ಟು ಎಂದು ಕೇಳಿ. ‘ಇದೆಲ್ಲ ಯಾಕ್ರೋ ನಿಮಗೆ’ ಎಂದು ಯಾರಾದರೂ ಮೇಷ್ಟ್ರು ಗದರಿದರೆ, ಪಟ್ಟಿಯ ಕೊನೆಯ ಪುಟ ತೋರಿಸಿ, ಇದನ್ನು ಓದಬೇಕೆಂದು ನೀವೇ ಬರೆದಿದ್ದೀರಿ ಸಾರ್ ಎನ್ನಿ.